ಎಫ್‌ಎಫ್‌ಎಂಪೆಗ್: ಹಳೆಯ ತಾಳಮದ್ದಳೆ ಫೈಲ್‌ಗಳಿಗೆ ನಾಲ್ಕು ವರ್ಷ ಬಳಸಿದ ಮೇಲೆ

ತಾಳಮದ್ದಳೆ, ಪಾಡ್ದನ, ಮನೆಯ ಭಜನೆ ಅಂತ ಉಡುಪಿ-ಮಂಗಳೂರು ಕಡೆ ಹಳೆಯ ಸಿಡಿ ತೆರೆದರೆ ಹೆಚ್ಚಾಗಿ ಸಿಗುವುದು ಮೂರು ಬಗೆಯ ಫೈಲ್: ಡಯಲ್‌ಅಪ್ ಕಾಲದ ರಿಯಲ್‌ಆಡಿಯೊ, ಕೀಪ್ಯಾಡ್ ಮೊಬೈಲಿನ ಎಎಂಆರ್, ಎಕ್ಸ್‌ಪಿ ಕಾಲದ ಡಬ್ಲ್ಯೂಎಂಎ. ಮೂರನ್ನೂ ಬಿಚ್ಚುವ ಉಚಿತ ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಡಿದದ್ದು ಅದರ ಮುಖ ನೋಡಿ: ಬಟನ್ ಇಲ್ಲ, ಮೆನು ಇಲ್ಲ, ಕಪ್ಪು ಪರದೆಯಲ್ಲಿ ಟೈಪ್ ಮಾಡಬೇಕು.

ಟೈಪ್ ಮಾಡುವುದಾದರೂ ಹೆಚ್ಚಿಲ್ಲ. ಸಾಫ್ಟ್‌ವೇರಿನ ಹೆಸರು, ಹೈಫನ್ ಐ (-i), ಮೂಲ ಫೈಲಿನ ಹೆಸರು, ಕೊನೆಗೆ ಹೊಸ ಫೈಲಿನ ಹೆಸರು. ಹೆಸರಿನ ನಡುವೆ ಜಾಗವಿದ್ದರೆ ಡಬಲ್ ಕೋಟ್ ಹಾಕಿ. ಅದಕ್ಕೂ ಮೊದಲು, ಜೊತೆಗೇ ಬರುವ ಎಫ್‌ಎಫ್‌ಪ್ರೋಬ್ ಓಡಿಸಿ ಒಳಗೇನಿದೆ ಅಂತ ನೋಡಿ. ಎಕ್ಸ್‌ಟೆನ್ಶನ್, ಅಂದರೆ ಫೈಲಿನ ಹೆಸರಿನ ಬಾಲ, ನಂಬುವ ಹಾಗಿಲ್ಲ. ಆರ್‌ಎಂ ಎಂಬ ರಿಯಲ್‌ಆಡಿಯೊ ಫೈಲಿನೊಳಗೆ ಕುಕ್ ಎಂಬ ಕೋಡೆಕ್ (ಸದ್ದನ್ನು ಕುಗ್ಗಿಸಿ ಇಡುವ ವಿಧಾನ) ಇರಬಹುದು, ಸಿಪ್ರೊ ಇರಬಹುದು. ವಾಯ್ಸ್ ರೆಕಾರ್ಡರಿನ ವೇವ್ ಫೈಲಿನೊಳಗೆ ಎಡಿಪಿಸಿಎಂ ಎಂಬ ಕೋಡೆಕ್ ಇರುವುದೂ ಮಾಮೂಲು. ಒಂದು ಕೆಬಿಯೂ ಇಲ್ಲದ ಆರ್‌ಎಎಂ ಫೈಲ್ ಸಿಕ್ಕಿದರೆ ಆಸೆ ಬಿಡಿ. ನೋಟ್‌ಪ್ಯಾಡಿನಲ್ಲಿ ತೆರೆದರೆ ಅದರಲ್ಲಿ ಕಾಣುವುದು ಒಂದು ವಿಳಾಸ ಮಾತ್ರ, ಹಾಡು ಇದ್ದದ್ದು ಸರ್ವರಿನಲ್ಲಿ.

ಎಎಂಆರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ದೂರು ಬರುವುದೆಲ್ಲ ಇದರದ್ದೇ. ಇದು ಫೋನಿನ ಮಾತಿಗೆಂದು ಮಾಡಿದ ಕೋಡೆಕ್: ಸೆಕೆಂಡಿಗೆ 8,000 ಸ್ಯಾಂಪಲ್, ಒಂದೇ ಚಾನೆಲ್, 20 ಮಿಲಿಸೆಕೆಂಡಿನ ತುಂಡು, ಹೆಚ್ಚೆಂದರೆ 12.2 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್). 4,000 ಹರ್ಟ್ಜ್‌ಗಿಂತ ಮೇಲಿನ ಸದ್ದು ಫೈಲಿನೊಳಗೆ ಇಲ್ಲವೇ ಇಲ್ಲ. ಹಾಗಾಗಿ ಅರ್ಥಧಾರಿಯ ಮಾತು ಚೆನ್ನಾಗಿಯೇ ಕೇಳುತ್ತದೆ. ಭಾಗವತರು ಪದ ಎತ್ತಿದರೆ ಮೂಗು ಕಟ್ಟಿದ ಹಾಗೆ. ಚೆಂಡೆ ಬಿತ್ತೋ, ಎಲ್ಲ ಕಲಸಿಹೋಗಿ ತಗಡು ಬಡಿದ ಸದ್ದು. ಗಂಟಲಿನ ಲೆಕ್ಕ ಇಟ್ಟುಕೊಂಡು ದನಿಯನ್ನು ಅಳೆಯುವ ಕೋಡೆಕ್ಕಿಗೆ ಚೆಂಡೆಯ ಪೆಟ್ಟನ್ನು ಎಲ್ಲಿ ಕೂರಿಸಬೇಕೆಂದೇ ತಿಳಿಯುವುದಿಲ್ಲ. 320 ಕೆಬಿಪಿಎಸ್ ಎಂಪಿ3 ಮಾಡಿಕೊಟ್ಟು ‘ಕ್ಲಿಯರ್ ಆಗಿದೆ’ ಎನ್ನುವವರಿದ್ದಾರೆ, ನಂಬಬೇಡಿ.

ಹಾಗೆಂದು ಕೆಬಿಪಿಎಸ್ ತೀರ ಇಳಿಸಲೂಬಾರದು. 32 ಕೆಬಿಪಿಎಸ್‌ನ ಕುಕ್ ಫೈಲನ್ನು 32ರದ್ದೇ ಎಂಪಿ3 ಮಾಡಿದರೆ ಎರಡನೇ ಸಲ ಕತ್ತರಿ ಬಿದ್ದು, ನೀರಿನೊಳಗಿಂದ ಹಾಡಿದ ಹಾಗಾಗುತ್ತದೆ. ಇಟ್ಟುಕೊಳ್ಳಲು ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್, ವಾಟ್ಸ್‌ಆ್ಯಪಿಗೆ 128ರ ಎಂಪಿ3. ಎಎಂಆರ್‌ನಿಂದ ಬಂದದ್ದಕ್ಕೆ 64 ಸಾಕು. ಸ್ಯಾಂಪಲ್ ದರ ಮೂಲದ್ದೇ ಇರಲಿ. 8,000ದ ಮೋನೊ ವೇವ್ ಗಂಟೆಗೆ 57.6 ಎಂಬಿ ತಿನ್ನುತ್ತದೆ, ಅದನ್ನೇ 44,100ರ ಸ್ಟೀರಿಯೊ ಮಾಡಿದರೆ 635 ಎಂಬಿ. ಕಿವಿಗೆ ಎರಡೂ ಒಂದೇ. ಕಾರಿನ ಸೆಟ್ಟಿಗೆ ಮಾತ್ರ 44,100 ಮಾಡಿ, 8,000ದ ಎಂಪಿ3 ಕೆಲವು ಸೆಟ್‌ಗಳಲ್ಲಿ ಏಳುವುದೇ ಇಲ್ಲ.

ನಮ್ಮ ಮಳೆಗಾಲಕ್ಕೆ ಬೇರೆಯೇ ಜಾಗ್ರತೆ ಬೇಕು. ಸಿಡಿಗೆ ಬೂಸ್ಟು ಹಿಡಿದಿದ್ದರೆ ಬರಿ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತ ತಿಕ್ಕಬೇಡಿ. ಮೊದಲು ಹಾರ್ಡ್ ಡಿಸ್ಕಿಗೆ ಕಾಪಿ, ಆಮೇಲೆ ಪರಿವರ್ತನೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಎಂ4ಎ ಮಾಡಲು ಹೋಗಬೇಡಿ. ಅದರ ಸೂಚಿ ಬರೆಯುವುದು ಕೊನೆಗೆ, ನಡುವೆ ಕರೆಂಟು ಹೋದರೆ ಅಷ್ಟೂ ವ್ಯರ್ಥ. ಎಂಪಿ3 ಆದರೆ ಅಲ್ಲಿವರೆಗಿನದಾದರೂ ಉಳಿಯುತ್ತದೆ. ರೆಕಾರ್ಡ್ ಮಾಡುವಾಗಲೇ ಮೊಬೈಲಿನ ಬ್ಯಾಟರಿ ಸತ್ತ 3ಜಿಪಿ ಫೈಲಿನದ್ದೂ ಇದೇ ಕತೆ: ‘ಮೂವ್ ಆ್ಯಟಮ್ ನಾಟ್ ಫೌಂಡ್’, ಅಂದರೆ ಸೂಚಿ ಸಿಗಲಿಲ್ಲ, ಎಂದು ಎಫ್‌ಎಫ್‌ಎಂಪೆಗ್ ಕೈ ಎತ್ತುತ್ತದೆ. ಅದಕ್ಕೆ ಅನ್‌ಟ್ರಂಕ್ ಎಂಬ ಬೇರೆ ಸಾಧನ ಬೇಕು, ಜೊತೆಗೆ ಅದೇ ಮೊಬೈಲಿನ ಸರಿಯಿರುವ ಒಂದು ಫೈಲ್. ಬೀಗ ಹಾಕಿದ ಡಬ್ಲ್ಯೂಎಂಎ, ಅಂದರೆ ಡಿಆರ್‌ಎಂ ಇರುವುದು, ಎಫ್‌ಎಫ್‌ಎಂಪೆಗ್‌ನಿಂದ ಆಗದು.

ವಿಎಲ್‌ಸಿ ಪ್ಲೇಯರಿನಲ್ಲೇ ಕನ್ವರ್ಟ್ ಇದೆಯಲ್ಲ ಅಂದರೆ, ಇದೆ. ಅದರೊಳಗೆ ದುಡಿಯುವುದೂ ಎಫ್‌ಎಫ್‌ಎಂಪೆಗ್‌ನ ಲೈಬ್ರರಿಯೇ. ನಾಲ್ಕೈದು ಫೈಲಿಗೆ ಅದು ಧಾರಾಳ. ಇನ್ನೂರು ಇದ್ದರೆ ಬ್ಯಾಚ್ ಫೈಲ್ (ಆಜ್ಞೆಗಳ ಪಟ್ಟಿ) ಬರೆದು ಎಫ್‌ಎಫ್‌ಎಂಪೆಗ್ಗನ್ನೇ ಓಡಿಸಿ. ಒಂದು ಗಂಟೆಯ ರಿಯಲ್‌ಆಡಿಯೊ ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಿಮಿಷದೊಳಗೆ ಮುಗಿಯುತ್ತದೆ. ಒಂದೇ ಫೋಲ್ಡರಿನಲ್ಲಿ ‘ಭಾಗ1’ ಎಂಬ ಹೆಸರಲ್ಲಿ ಆರ್‌ಎಂ ಒಂದು, ಎಎಂಆರ್ ಒಂದು ಇದ್ದರೆ ಎರಡೂ ಒಂದೇ ಹೆಸರಿಗೆ ಬಂದು ಬೀಳುತ್ತವೆ. ಹೈಫನ್ ಎನ್ (-n) ಹಾಕಿದರೆ ಮೊದಲಿನದನ್ನು ಅಳಿಸದೆ ಎರಡನೆಯದನ್ನು ಬಿಟ್ಟುಬಿಡುತ್ತದೆ. ಮುಗಿದ ಮೇಲೆ ಹಳೆಯದರ, ಹೊಸದರ ಅವಧಿ ತಾಳೆ ನೋಡಿ. ಮೊದಲು, ನಡು, ಕೊನೆ ಕೇಳಿ. ಮೂಲ ಫೈಲ್ ಅಳಿಸಬೇಡಿ.

ಟ್ಯಾಗ್‌ಗಳನ್ನು, ಅಂದರೆ ಫೈಲಿನೊಳಗೆ ಬರೆದಿಟ್ಟ ಹೆಸರು-ವಿವರಗಳನ್ನು, ಎಫ್‌ಎಫ್‌ಎಂಪೆಗ್ ತಾನಾಗಿಯೇ ದಾಟಿಸುತ್ತದೆ. ಆದರೆ ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದ ಪ್ರಸಂಗದ ಹೆಸರು ಮೀಸೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಬರುತ್ತದೆ. ಅದು ಮೂಲದಲ್ಲೂ ಹಾಗೇ ಇದ್ದದ್ದು, ಫಾಂಟ್ ಅದನ್ನು ಮುಚ್ಚಿತ್ತು ಅಷ್ಟೆ. ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟು, ಬಂದದ್ದನ್ನು ಟ್ಯಾಗ್ ಎಡಿಟರಿನಲ್ಲಿ ಅಂಟಿಸಿ. ಒತ್ತಕ್ಷರ ಒಮ್ಮೊಮ್ಮೆ ಕೈಕೊಡುತ್ತದೆ, ಅದನ್ನು ಕೈಯಲ್ಲೇ ತಿದ್ದಬೇಕು.