ಮನೆ ಗ್ಯಾರೇಜಿಗೆ ಕಾರ್ ಲಿಫ್ಟ್: ಎರೆ ನೆಲದಲ್ಲಿ ಯಾವುದು ನಿಲ್ಲುತ್ತದೆ?

ಲಿಫ್ಟ್ ಮಾರುವವರು ಬಾಯಿ ತೆರೆದರೆ ಮೊದಲು ಬರುವುದು ಟನ್ ಲೆಕ್ಕ. 4 ಟನ್ ಸಾರ್, 5 ಟನ್ ಸಾರ್. ಮನೆಯ ಶೆಡ್ಡಿನಲ್ಲಿ ಲಿಫ್ಟ್ ಹಾಕಿಸುವವರಿಗೆ ಆ ಲೆಕ್ಕ ಬಹುಪಾಲು ಕೆಲಸಕ್ಕೆ ಬರುವುದಿಲ್ಲ. ಸ್ವಿಫ್ಟ್ 900 ಕೆಜಿಯ ಆಸುಪಾಸು, ಇನ್ನೋವಾ ಕ್ರಿಸ್ಟಾ 1,800 ಕೆಜಿಯ ಆಸುಪಾಸು, ಫಾರ್ಚುನರ್ 2 ಟನ್ನಿಗೆ ತುಸು ಮೇಲೆ. ಇವಿಷ್ಟನ್ನೂ ಸಾಮಾನ್ಯ 4 ಟನ್ ಲಿಫ್ಟ್ ಎತ್ತುತ್ತದೆ. ಕಡಿಮೆ ಬೀಳುವುದು ಟನ್ನಲ್ಲ. ಸೂರಿನ ಎತ್ತರ, ನೆಲದ ದಪ್ಪ, ಕರೆಂಟು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಈ ಮೂರೂ ತಕರಾರು ತೆಗೆಯುತ್ತವೆ. ಹಾಗಾಗಿ ಕ್ಯಾಟಲಾಗ್ ಬದಿಗಿಟ್ಟು ಮೊದಲು ಅಳತೆ ಟೇಪು ಹಿಡಿಯಿರಿ.

ಮನೆಗೆ ಅಂಟಿಕೊಂಡ ಆರ್‌ಸಿಸಿ ಗ್ಯಾರೇಜಿನ ಸೂರು ಸಾಮಾನ್ಯವಾಗಿ 10 ಅಡಿ, ಅಂದರೆ 3.05 ಮೀಟರ್. ಸ್ವಿಫ್ಟಿನ ಎತ್ತರ ಸುಮಾರು 1.53 ಮೀಟರ್. ಮೇಲೆ 15 ಸೆಂಟಿಮೀಟರ್ ಜಾಗ ಬಿಟ್ಟರೆ ಟೈರು ನೆಲದಿಂದ ಏಳುವುದು 1.37 ಮೀಟರ್ ಮಾತ್ರ. ಕಾರಿನ ಹೊಟ್ಟೆ ಐದು ಅಡಿಗೆ ಬರುತ್ತದೆ. ನೆಟ್ಟಗೆ ನಿಂತು ಕೆಲಸ ಮಾಡುವಂತಿಲ್ಲ, ಕತ್ತು ಬಗ್ಗಿಸಿಯೇ ಇರಬೇಕು. ಅದೇ ಸೂರಿನ ಕೆಳಗೆ ಫಾರ್ಚುನರ್ ತಂದರೆ ಸಿಗುವುದು ಒಂದು ಮೀಟರಿಗೆ ತುಸು ಹೆಚ್ಚು, ಅಷ್ಟೇ. ಕ್ಯಾಟಲಾಗಿನಲ್ಲಿ ‘ಎತ್ತುವ ಎತ್ತರ 1.8 ಮೀಟರ್’ ಎಂದಿದ್ದರೆ ಅದು ಕಾರನ್ನು ಕೆಳಗಿನಿಂದ ಹಿಡಿಯುವ ಪ್ಯಾಡಿನ ಎತ್ತರ, ಟೈರಿನದ್ದಲ್ಲ ಎಂಬುದೂ ನೆನಪಿರಲಿ. ಬಾನೆಟ್ ತೆರೆದಿಟ್ಟು ಎತ್ತುವುದಿದ್ದರೆ, ಫ್ಯಾನು ತೂಗುತ್ತಿದ್ದರೆ, ಅಡ್ಡ ಬೀಮ್ ಇಳಿದಿದ್ದರೆ ಲೆಕ್ಕ ಇನ್ನೂ ಕುಗ್ಗುತ್ತದೆ. ತಗಡಿನ ಶೆಡ್ಡಾದರೆ ಇಳಿಜಾರಿನ ಎತ್ತರದ ಬದಿಯನ್ನು ಅಳೆದು ಸಮಾಧಾನ ಪಡಬೇಡಿ. ಕಾರಿನ ನೆತ್ತಿ ಬರುವ ಜಾಗದಲ್ಲೇ ಅಳೆಯಿರಿ.

‘ಲಿಫ್ಟ್ ಯಾಕೆ, ಗುಂಡಿ ತೋಡಿಸಿದರೆ ಆಯ್ತಲ್ಲ’ ಎನ್ನುವವರಿದ್ದಾರೆ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಒಣ ಗುಂಡಿ ನಿಂತೀತು. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಿ ಕಾಲುವೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ನೆಲದಡಿಯ ನೀರು ಮೇಲಕ್ಕೆ ಬರುತ್ತದೆ, ಗುಂಡಿಯಲ್ಲಿ ಜಿನುಗುತ್ತದೆ. ಅದಕ್ಕಿಂತ ಕೆಟ್ಟದ್ದು ಪೆಟ್ರೋಲ್ ಆವಿ ಮತ್ತು ಎಲ್‌ಪಿಜಿ. ಎರಡೂ ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ಕೂರುತ್ತವೆ. ವೈರ್ ಎಳೆದು ಕೈಯಲ್ಲಿ ಹಿಡಿಯುವ ಲ್ಯಾಂಪಿನ ಒಂದು ಬಲ್ಬು ಒಡೆದರೆ ಸಾಕು, ಬೆಂಕಿ ಹತ್ತುತ್ತದೆ.

10 ಅಡಿ ಸೂರಿನವರಿಗೆ ನಮ್ಮ ಶಿಫಾರಸು ಮಿಡ್‌ರೈಸ್ ಸಿಸರ್ ಲಿಫ್ಟ್. ಕತ್ತರಿ ತೆರೆದಂತೆ ಏಳುವ ಈ ಲಿಫ್ಟ್ ಸುಮಾರು 1 ಮೀಟರಿನಿಂದ 1.2 ಮೀಟರ್ ಎತ್ತುತ್ತದೆ, 2.7ರಿಂದ 3 ಟನ್ ತಾಳುತ್ತದೆ. ಗಾಲಿ ಹಚ್ಚಿ ಎಳೆದು ಬದಿಗಿಡುವ ಮಾದರಿಗಳೂ ಇವೆ. ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್, ಆಕ್ಸಲ್ ಬೂಟ್, ಆಯಿಲ್ ಬದಲಿಸುವುದು, ಟೈರು ಅದಲುಬದಲು: ಮನೆ ಗ್ಯಾರೇಜಿನ ಮುಕ್ಕಾಲು ಪಾಲು ಕೆಲಸ ಸಣ್ಣ ಸ್ಟೂಲಿನ ಮೇಲೆ ಕೂತೇ ಮುಗಿಯುತ್ತದೆ. ಕೊರತೆ ಒಂದೇ: ಕಾರಿನ ನಡುಹೊಟ್ಟೆಯನ್ನು ಲಿಫ್ಟೇ ಮುಚ್ಚಿಕೊಂಡಿರುತ್ತದೆ. ಗೇರ್‌ಬಾಕ್ಸ್ ಇಳಿಸುವುದು, ಪೂರ್ತಿ ಸೈಲೆನ್ಸರ್ ಪೈಪು ಬಿಚ್ಚುವುದು ಇದರ ಮೇಲೆ ತಲೆನೋವು. ಇಳಿದಾಗಿನ ಎತ್ತರವನ್ನೂ ಕೇಳಿ. 100–110 ಮಿಲಿಮೀಟರಿನ ಲಿಫ್ಟ್ ಮೇಲೆ ಮಾಮೂಲಿ ಕಾರು ದಾಟುತ್ತದೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರು ಬಂಪರ್ ಒರೆಸಿಕೊಂಡು ಬರುತ್ತದೆ.

ಗೇರ್‌ಬಾಕ್ಸ್, ಕ್ಲಚ್ ಕೆಲಸವೇ ಮುಖ್ಯ ಎನ್ನುವವರಿಗೆ ಟು ಪೋಸ್ಟ್ (ಎರಡು ಕಂಬದ ಲಿಫ್ಟ್) ಬಿಟ್ಟರೆ ಬೇರೆ ಇಲ್ಲ. ಇದರಲ್ಲಿ ಎರಡು ಜಾತಿ. ಬೇಸ್ ಪ್ಲೇಟ್ ಮಾದರಿಯಲ್ಲಿ ಕಂಬಗಳು ಸುಮಾರು 2.8 ಮೀಟರ್, ಎರಡನ್ನೂ ಜೋಡಿಸುವ ವೈರ್ ರೋಪು ಮತ್ತು ಹೋಸು ನೆಲದ ಮೇಲಿನ ತಗಡಿನ ಕೆಳಗೆ ಹಾಯ್ದಿರುತ್ತವೆ. ಕ್ಲಿಯರ್ ಫ್ಲೋರ್ ಮಾದರಿಯಲ್ಲಿ ಕಂಬ 3.6 ಮೀಟರಿಗೂ ಮೇಲೆ. ರೋಪು, ಹೋಸು ತಲೆಯ ಮೇಲಿನ ಅಡ್ಡಪಟ್ಟಿಯಲ್ಲಿ ಹೋಗುತ್ತವೆ, ನೆಲ ಸಾಫಾಗಿರುತ್ತದೆ. ಶೆಡ್ಡು 13 ಅಡಿ ಇದ್ದರೆ ಕಣ್ಣು ಮುಚ್ಚಿ ಕ್ಲಿಯರ್ ಫ್ಲೋರ್ ತೆಗೆದುಕೊಳ್ಳಿ. ಗೇರ್‌ಬಾಕ್ಸ್ ಟ್ರಾಲಿ ಬೇಸ್ ಪ್ಲೇಟಿನ ದಿಬ್ಬಕ್ಕೆ ತಾಗಿ ನಿಲ್ಲುವುದು ಒಂದು ಕಿರಿಕಿರಿ. ತಗಡಿನ ಕೆಳಗೆ ಸೇರುವ ನೀರು, ಕೆಸರು ರೋಪನ್ನು ತಿನ್ನುವುದು ನಿಜವಾದ ಅಪಾಯ. ಅಗಲದ ಲೆಕ್ಕವೂ ಇದೆ: ಕಂಬದ ಹೊರಮೈಗಳ ನಡುವೆ ಸುಮಾರು 3.4 ಮೀಟರ್, ಆಚೀಚೆ ಓಡಾಡುವ ಜಾಗ ಸೇರಿದರೆ 14 ಅಡಿಗೆ ಕಡಿಮೆ ಇರುವ ಶೆಡ್ಡಿನಲ್ಲಿ ಇದು ಬೇಡ.

ಈಗ ನೆಲ. ಟು ಪೋಸ್ಟ್ ಲಿಫ್ಟಿನಲ್ಲಿ ಭಾರ ತೂಗುವುದು ಕಂಬದ ಒಳಬದಿಗೆ ಚಾಚಿದ ತೋಳುಗಳ ಮೇಲೆ. ಹಾಗಾಗಿ ಕಂಬ ಒಳಕ್ಕೆ ವಾಲಲು ನೋಡುತ್ತದೆ, ಹೊರಬದಿಯ ಆಂಕರ್ ಬೋಲ್ಟುಗಳನ್ನು ಮೇಲಕ್ಕೆ ಕೀಳುತ್ತದೆ. ಆ ಕಿತ್ತಾಟವನ್ನು ತಡೆಯುವುದು ಬೋಲ್ಟ್ ಕಚ್ಚಿಕೊಂಡ ಕಾಂಕ್ರೀಟು, ಬೇರಾವುದೂ ಅಲ್ಲ. ಪರ್ಸಿ ಹಾಸಿದ ನೆಲಕ್ಕೆ, ಟೈಲ್ಸಿಗೆ, ಗ್ರಾನೈಟಿಗೆ ಬೋಲ್ಟ್ ಹೊಡೆದು ಕೂರಿಸುವುದನ್ನು ಒಪ್ಪಲೇಬೇಡಿ. ಕಲ್ಲು ಎಷ್ಟೇ ಗಟ್ಟಿಯಿರಲಿ, ಅದರ ಕೆಳಗಿರುವುದು ಎರಡಿಂಚು ಮಸಾಲೆ ಮತ್ತು ಮಣ್ಣು. ‘ನಮ್ಮ ನೆಲ ಆರು ಇಂಚು ಇದೆ’ ಎಂದು ಗೌಂಡಿ ಹೇಳಿದರೂ ಮೂಲೆಯಲ್ಲಿ ಒಂದು ತೂತು ಕೊರೆದು, ತಂತಿ ಇಳಿಸಿ ಅಳೆದು ನೋಡಿ. ಹಳೆಯ ಗ್ಯಾರೇಜುಗಳಲ್ಲಿ ಮೂರಿಂಚಿಗೆ ಡ್ರಿಲ್ ಮಣ್ಣಿಗಿಳಿಯುವುದೇ ಹೆಚ್ಚು.

ಎರೆ ಭೂಮಿಯ ಕಥೆ ಬೇರೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನೇರ ಸ್ಲ್ಯಾಬ್ ಹಾಕಿದರೆ ಒಂದು ಕಂಬ ಏಳುತ್ತದೆ, ಇನ್ನೊಂದು ಕೂರುತ್ತದೆ. ಎರಡು ಕಂಬಕ್ಕೂ ಸೇರಿ ಒಂದೇ ಅಖಂಡ ಹಾಸು ಇರಬೇಕು ಎನ್ನುವುದು ಇದೇ ಕಾರಣಕ್ಕೆ. ಬಿಡಿಬಿಡಿ ಪೀಠ ಕಟ್ಟಿಸಬೇಡಿ. ಎರಡರಿಂದ ಮೂರು ಅಡಿ ಎರೆಮಣ್ಣು ತೆಗೆಸಿ, ಗರಸು ತುಂಬಿಸಿ. ಒಂದೇ ಸಲಕ್ಕೆ ಸುರಿಯದೆ ಆರಾರು ಇಂಚಿನ ಪದರ ಹಾಕಿ, ನೀರು ಹೊಡೆದು, ಕಂಪ್ಯಾಕ್ಟರ್ ಆಡಿಸಿ. ಮೇಲೆ 3–4 ಇಂಚು ಬೆಡ್ ಕಾಂಕ್ರೀಟು, ಅದರ ಮೇಲೆ 8 ಇಂಚು ಆರ್‌ಸಿಸಿ. ತಯಾರಕರ ಕೈಪಿಡಿಗಳು ಇದಕ್ಕಿಂತ ತೆಳುವಾದ ಕಾಂಕ್ರೀಟನ್ನೂ ಒಪ್ಪುತ್ತವೆ, ಆದರೆ ಅವು ಎರೆಮಣ್ಣನ್ನು ಕಂಡು ಬರೆದವಲ್ಲ.

ಹಾಸು 4 ಮೀಟರ್ ಅಗಲ, 1.5 ಮೀಟರ್ ಉದ್ದ, 20 ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ: 1.2 ಘನ ಮೀಟರ್ ಕಾಂಕ್ರೀಟು. 1:1:2 ಪ್ರಮಾಣದಲ್ಲಿ ಕಲಸಿದರೆ 13–14 ಚೀಲ ಸಿಮೆಂಟು. 10 ಎಂಎಂ ಕಬ್ಬಿಣವನ್ನು 15 ಸೆಂಟಿಮೀಟರಿಗೊಂದರಂತೆ ಮೇಲೊಂದು, ಕೆಳಗೊಂದು ಜಾಲರಿ ಕಟ್ಟಿದರೆ ಹೆಚ್ಚುಕಡಿಮೆ 105–110 ಕೆಜಿ. ಜಾಲರಿ ಕಟ್ಟುವ ಮುಂಚೆಯೇ ಕಂಬದ ಬುಡದ ಪ್ಲೇಟಿನ ರಟ್ಟಿನ ಅಚ್ಚು ಮಾಡಿಸಿ, ಬೋಲ್ಟ್ ಬರುವ ಜಾಗದಲ್ಲಿ ಸರಳು ಬಾರದಂತೆ ಸರಿಸಿ. ಇಲ್ಲದಿದ್ದರೆ ಕೊರೆಯುವ ದಿನ ಡ್ರಿಲ್ ಸರಳಿಗೆ ತಾಗಿ ನಿಲ್ಲುತ್ತದೆ, ತೂತು ಓರೆಯಾಗುತ್ತದೆ. ಕಾಂಕ್ರೀಟು ಹಾಕಿದ ಮೇಲೆ ಗೋಣಿಚೀಲ ಹೊದಿಸಿ ನೀರುಣಿಸಿ. 28 ದಿನ ತುಂಬುವವರೆಗೆ ಲಿಫ್ಟ್ ಕೂರಿಸುವ ಮಾತು ಬೇಡ. ಏಪ್ರಿಲ್, ಮೇ ಬಿಸಿಲಿನಲ್ಲಿ ಹಾಕಿಸುವುದಾದರೆ ಸಂಜೆ ಹೊತ್ತು ಹಾಕಿಸಿ. ನಡುಮಧ್ಯಾಹ್ನ ಹಾಕಿದ ಹಾಸಿನ ಮೇಲ್ಮೈ ಕೂದಲೆಳೆ ಬಿರುಕು ಬಿಟ್ಟೇ ಒಣಗುತ್ತದೆ.

ತೂತು ಕೊರೆದ ಮೇಲೆ ಒಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯುವುದನ್ನು ಫಿಟ್ಟಿಂಗಿಗೆ ಬರುವ ಹುಡುಗರು ಬಿಟ್ಟುಬಿಡುತ್ತಾರೆ. ಧೂಳಿದ್ದರೆ ಬೋಲ್ಟಿನ ಸ್ಲೀವ್ (ಹೊರಗಿನ ಕೊಳವೆ) ಕಾಂಕ್ರೀಟನ್ನು ಕಚ್ಚುವುದಿಲ್ಲ, ಧೂಳನ್ನು ಕಚ್ಚುತ್ತದೆ. ಟಾರ್ಕ್ ರೆಂಚಿನಲ್ಲೇ ಬಿಗಿಸಬೇಕು, ಅಂಕಿ ಕೈಪಿಡಿಯಲ್ಲಿರುತ್ತದೆ. ಬಿಗಿಸಿದಷ್ಟೂ ಸುತ್ತುತ್ತಲೇ ಇದ್ದರೆ ಬೋಲ್ಟ್ ಕೆಟ್ಟಿಲ್ಲ, ಕಾಂಕ್ರೀಟ್ ಕೆಟ್ಟಿದೆ. ಕಂಬ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ಎರಡು ಮಗ್ಗುಲಿನಿಂದಲೂ ನೋಡಿ. ವಾರೆಯಿದ್ದರೆ ಕಂಬದ ಬುಡಕ್ಕೆ ಶಿಮ್ (ತೆಳು ತಗಡಿನ ತುಂಡು) ಕೊಡಬಹುದು, ಆದರೆ ಅರ್ಧ ಇಂಚಿಗಿಂತ ಹೆಚ್ಚು ಶಿಮ್ ಬೇಕಾದರೆ ನೆಲವನ್ನೇ ಸರಿಮಾಡಿಸಬೇಕು.

ಕರೆಂಟಿನ ವಿಷಯದಲ್ಲಿ ಸಿಂಗಲ್ ಫೇಸ್, ತ್ರೀ ಫೇಸ್ ಎರಡೂ ಮೋಟಾರು ಸಿಗುತ್ತವೆ, ಸಾಮಾನ್ಯವಾಗಿ 2.2 ಕಿಲೋವ್ಯಾಟ್, ಅಂದರೆ 3 ಎಚ್‌ಪಿ. ತ್ರೀ ಫೇಸಿನಲ್ಲಿ 5 ಆಂಪಿಯರ್ ಎಳೆಯುವ ಕೆಲಸಕ್ಕೆ ಸಿಂಗಲ್ ಫೇಸಿನಲ್ಲಿ 15ರ ಆಸುಪಾಸು ಬೇಕು, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಬೇಸಿಗೆಯ ಸಂಜೆ ವೋಲ್ಟೇಜು 180ಕ್ಕೆ ಇಳಿದಾಗ ಸಿಂಗಲ್ ಫೇಸ್ ಮೋಟಾರು ಭಾರ ಹೊತ್ತುಕೊಂಡು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ನಾಲ್ಕು ಸಲ ಗುಂಡಿ ಒತ್ತಿದರೆ ಕೆಪಾಸಿಟರ್ ಹೋಗುತ್ತದೆ. ಜೆಸ್ಕಾಂನಲ್ಲಿ ತ್ರೀ ಫೇಸಿಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಳ್ಳುವುದೇ ಲೇಸು. ತೋಟದ ಮನೆಯವರು ಪಂಪ್‌ಸೆಟ್ಟಿನ ಸಂಪರ್ಕದಿಂದ ಎಳೆಯುವುದು ಬೇಡ: ಅದು ನೀರಾವರಿಗೆ ಕೊಟ್ಟದ್ದು, ಮೇಲಾಗಿ ತ್ರೀ ಫೇಸು ಗಂಟೆ ಲೆಕ್ಕದಲ್ಲಿ ಬರುತ್ತದೆ. ಹೊಸದಾಗಿ ವೈರ್ ಕೊಟ್ಟಾಗ ಮೋಟಾರು ತಿರುಗಿದರೂ ತೋಳು ಏಳದಿದ್ದರೆ ಗಾಬರಿಯಾಗಬೇಡಿ. ಮೋಟಾರು ಉಲ್ಟಾ ತಿರುಗುತ್ತಿರುತ್ತದೆ, ಎರಡು ಫೇಸ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಮಾರುವವರು ಹೇಳದ ಒಂದು ಮಾತಿದೆ. ಕಾರು ಇಳಿಸಲು ಮೋಟಾರು ಬೇಡ, ವಾಲ್ವ್ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆದರೆ ಕಾರು ಲಾಕಿನ ಮೇಲೆ, ಅಂದರೆ ಜಾರದಂತೆ ತಡೆದು ಹಿಡಿಯುವ ಕೊಂಡಿಯ ಮೇಲೆ ಕೂತಿದ್ದರೆ (ಕೆಲಸ ಮಾಡುವಾಗ ಕೂತಿರಲೇಬೇಕು) ಮೊದಲು ಒಂದೆರಡು ಇಂಚು ಮೇಲಕ್ಕೆ ಎತ್ತಿ ಲಾಕ್ ಬಿಡಿಸಬೇಕು. ಅದಕ್ಕೆ ಕರೆಂಟು ಬೇಕು. ಕರೆಂಟು ಹೋದರೆ ಕಾರು ಮೇಲೆ, ನೀವು ಕೆಳಗೆ. ಮನೆಯ ಯುಪಿಎಸ್ ಈ ಮೋಟಾರನ್ನು ಎಬ್ಬಿಸುವುದಿಲ್ಲ. ಆರ್ಡರ್ ಕೊಡುವಾಗಲೇ ಪವರ್ ಯೂನಿಟ್ಟಿಗೆ ಕೈಪಂಪು ಇದೆಯೇ, ಇಲ್ಲದಿದ್ದರೆ ಹಾಕಿಕೊಡುತ್ತೀರಾ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿ.

ತೋಳುಗಳ ಬಗ್ಗೆ ಎರಡು ಮಾತು. ಬೊಲೆರೊ, ಸ್ಕಾರ್ಪಿಯೊ, ಕ್ರಿಸ್ಟಾ, ಫಾರ್ಚುನರ್‌ಗಳಿಗೆ ಕೆಳಗೆ ಪ್ರತ್ಯೇಕ ಚಾಸಿ ಇದೆ. ಪ್ಯಾಡ್ ಅದನ್ನೇ ಹಿಡಿಯಬೇಕು. ಮಾಮೂಲಿ ಪ್ಯಾಡ್ ಏರಿದಾಗ ಚಾಸಿಗಿಂತ ಮೊದಲು ತೋಳು ಫುಟ್‌ಬೋರ್ಡಿಗೆ ತಾಗುತ್ತದೆ. ಅದಕ್ಕೆ ಎತ್ತರದ ಅಡಾಪ್ಟರ್ ನಾಲ್ಕು ಬೇಕು, ಇದನ್ನು ಎಕ್ಸ್‌ಟ್ರಾ ಎಂದು ಬೇರೆ ಬಿಲ್ ಮಾಡುವವರೇ ಹೆಚ್ಚು. ಸಣ್ಣ ಕಾರುಗಳಿಗೆ ಬಾಗಿಲ ಕೆಳಗಿನ ಅಂಚಿನಲ್ಲಿ ಜ್ಯಾಕ್ ಕೊಡುವ ಗುರುತಿನ ಜಾಗವೇ ಸರಿ. 4 ಟನ್ ಲಿಫ್ಟ್ ಎಂದರೆ ಒಂದೊಂದು ತೋಳಿಗೆ 1 ಟನ್. ಮೂಗುಭಾರದ ಕಾರನ್ನು ಹಿಂದೆಮುಂದೆ ನಿಲ್ಲಿಸಿದರೆ ಎರಡು ತೋಳಿನ ಮೇಲೇ ಹೊರೆ ಬೀಳುತ್ತದೆ. ಟೈರು ನಾಲ್ಕಿಂಚು ಎದ್ದಾಗ ನಿಲ್ಲಿಸಿ, ಬಂಪರ್ ಹಿಡಿದು ಅಲುಗಿಸಿ ನೋಡಿ, ಆಮೇಲೆ ಎತ್ತಿ. ಎಂಜಿನ್ ಇಳಿಸಿದ ಕೂಡಲೇ ತೂಕ ಹಿಂದಕ್ಕೆ ಸರಿಯುತ್ತದೆ, ಹಿಂಬದಿ ಬಾಗುತ್ತದೆ. ಇಳಿಸುವ ಮುಂಚೆಯೇ ಹಿಂದೆ ಎತ್ತರದ ಸ್ಟ್ಯಾಂಡ್ ಕೊಟ್ಟಿರಬೇಕು.

ಫೋರ್ ಪೋಸ್ಟ್ (ನಾಲ್ಕು ಕಂಬದ ಲಿಫ್ಟ್) ಕಾರು ನಿಲ್ಲಿಸುವವರಿಗೆ, ಅಲೈನ್‌ಮೆಂಟ್ ಮಾಡುವವರಿಗೆ ಸರಿ. ಚಕ್ರ ರ‍್ಯಾಂಪಿನ ಮೇಲೇ ನಿಂತಿರುವುದರಿಂದ ಬ್ರೇಕ್ ಕೆಲಸಕ್ಕೆ ಮತ್ತೊಂದು ಜ್ಯಾಕಿಂಗ್ ಬೀಮ್ ಕೊಳ್ಳಬೇಕು. ಅಮೆರಿಕದ ಕ್ವಿಕ್‌ಜ್ಯಾಕ್ ಥರದ ಎತ್ತಿಕೊಂಡು ಹೋಗುವ ಲಿಫ್ಟುಗಳು ಸುಮಾರು 20 ಇಂಚು ಎತ್ತುತ್ತವೆ, ನೆಲ ಅಗೆಯುವ ಗೋಜಿಲ್ಲ. ಬಾಡಿಗೆ ಮನೆಯವರಿಗೆ ಇದೇ ಗತಿ, ಕೆಟ್ಟ ಗತಿಯೇನಲ್ಲ.

ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಕಾರು ಎತ್ತಿಸಿಯೇ ನೋಡಿ. ಲಾಕಿಗೆ ಕೂರಿಸದೆ ಒಂದು ಮೀಟರಿನಲ್ಲಿ ನಿಲ್ಲಿಸಿ, ಕ್ಯಾರೇಜಿನ (ತೋಳು ಹೊತ್ತು ಕಂಬದಲ್ಲಿ ಏರಿಳಿಯುವ ಭಾಗದ) ಕೆಳಗೆ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಯಾರೂ ಕೆಳಗೆ ಹೋಗದೆ ಕಾಲು ಗಂಟೆ ಬಿಡಿ. ಗೆರೆ ಮುಚ್ಚಿದರೆ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಸೀಲ್ ಕಿಟ್ ದೊಡ್ಡ ಖರ್ಚಲ್ಲ. ಗಣಿ ಲಾರಿ, ಜೆಸಿಬಿ ರಿಪೇರಿಯ ಊರಲ್ಲಿ ಹೋಸ್ ಮಾಡಿಸುವುದೂ ಕಷ್ಟವಲ್ಲ. ಆದರೆ ತೋಳಿನ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ಬೆಸುಗೆಯ ಪಕ್ಕ ತುಕ್ಕಿನ ಗೆರೆ ಕಂಡರೆ ಅಗ್ಗಕ್ಕೆ ಕೊಟ್ಟರೂ ಬೇಡ. ಹಳೆಯ ಆಂಕರ್ ಬೋಲ್ಟುಗಳನ್ನು ಮತ್ತೆ ಬಳಸುವಂತಿಲ್ಲ, ಅವು ಒಂದೇ ಸಲಕ್ಕೆ.

ಟ್ಯಾಂಕಿಗೆ ಹೈಡ್ರಾಲಿಕ್ ಆಯಿಲ್ 46 ಹಾಕಿ. ತಗಡಿನ ಶೆಡ್ಡು ಕಾದು ಕುದಿಯುವ ಕಡೆ ಕೈಪಿಡಿ ಒಪ್ಪಿದರೆ 68. ಎಂಜಿನ್ ಆಯಿಲ್ ಸುರಿಯಬೇಡಿ. ಲಿಫ್ಟ್ ಪೂರ್ತಿ ಇಳಿದಿರುವಾಗಲೇ ಮಟ್ಟ ನೋಡಿ. ಅದಿರಿನ ಧೂಳು, ಅಕ್ಕಿ ಗಿರಣಿಯ ತೌಡಿನ ಧೂಳು ಗ್ರೀಸಿಗೆ ಅಂಟಿ ಅರದಂತೆ ಉಜ್ಜುತ್ತದೆ. ಕಂಬದೊಳಗಿನ ಹಳೇ ಗ್ರೀಸು ಒರೆಸಿ ತೆಗೆದ ಮೇಲೆಯೇ ಹೊಸದು ಬಳಿಯಿರಿ. ವೈರ್ ರೋಪಿನಲ್ಲಿ ಎಳೆ ತುಂಡಾಗಿದೆಯೇ ಎಂದು ಬಟ್ಟೆ ಸುತ್ತಿ ಎಳೆದು ನೋಡಿ, ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕಾರು ತೊಳೆದ ನೀರು ಹಾಸಿನ ಅಂಚಿಗೆ ಇಂಗದಂತೆ ಚರಂಡಿಗೆ ತಿರುಗಿಸಿ. ಮೊದಲ ಮಳೆಗಾಲ ಕಳೆದು ಎರೆ ಒಣಗಿ ಬಿರಿಯುವ ಹೊತ್ತಿಗೆ ತೂಗುಗುಂಡು ಇನ್ನೊಮ್ಮೆ ಬಿಡಿ, ಬೋಲ್ಟುಗಳಿಗೆ ಟಾರ್ಕ್ ರೆಂಚ್ ಇನ್ನೊಮ್ಮೆ ಹಾಕಿ.