ಮಳೆಗಾಲದ ಪ್ರಯಾಣಕ್ಕೆ ಹಿಯರಿಂಗ್ ಏಡ್ ಕೇರ್ ಕಿಟ್: ಯಾವುದು ಬೇಕು, ಯಾವುದು ಬೇಡ

‘ಕೇರ್ ಕಿಟ್’ ಎಂದು ಮಾರುವ ಪೌಚು ಯಾವ ಕಂಪನಿಯದಾದರೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಮುಚ್ಚಳದ ಡಬ್ಬಿ, ಗಾಳಿ ಊದುವ ರಬ್ಬರ್ ಬ್ಲೋವರ್, ಪುಟ್ಟ ಬ್ರಷ್ಷು, ಸೆಲ್ ಟೆಸ್ಟರ್. ಮಿಷನ್ನಿನ ದನಿಯನ್ನು ದೊಡ್ಡವರು ಕೇಳಿ ನೋಡುವ ಸ್ಟೆಟೋಕ್ಲಿಪ್ಪನ್ನೂ ಕೆಲವರು ಸೇರಿಸುತ್ತಾರೆ. ಕಿವಿಯ ಹಿಂದೆ ಕೂರುವ ಮಿಷನ್ ಹಾಕುವ ಮಗುವನ್ನು ಕರೆದುಕೊಂಡು ಜುಲೈನಲ್ಲಿ ಆಗುಂಬೆಗೋ ಉಡುಪಿಗೋ ಹೊರಟವರಿಗೆ ಡಬ್ಬಿ, ಬ್ಲೋವರ್, ಸ್ಟೆಟೋಕ್ಲಿಪ್ ಈ ಮೂರು ಇದ್ದರೆ ಸಾಕು. ಬ್ರಷ್ಷಿನ ಕೆಲಸವನ್ನು ಮೆತ್ತನೆಯ ಹೊಸ ಟೂತ್‌ಬ್ರಷ್ಷೂ ಮಾಡುತ್ತದೆ.

ಮಿಷನ್ ಕೆಡುವುದು ಮಳೆಯಲ್ಲಿ ನೆನೆದೇ ಆಗಬೇಕೆಂದಿಲ್ಲ. ಕಿವಿಯೊಳಗಿನ ಬೆಚ್ಚನೆಯ ಹಸಿ ಗಾಳಿ ಮೌಲ್ಡಿನ (ಕಿವಿಯ ಅಚ್ಚು ತೆಗೆದು ಮಾಡಿದ, ಕಿವಿಯೊಳಗೆ ಕೂರುವ ತುಂಡು) ಟ್ಯೂಬಿಗೆ ಏರಿ, ಹೊರಗಿನ ತಂಪಿಗೆ ಹನಿಗಟ್ಟುತ್ತದೆ. ಟ್ಯೂಬಿನಲ್ಲಿ ಒಂದೇ ಹನಿ ಅಡ್ಡ ನಿಂತರೂ ಶಬ್ದ ಮುಂದಕ್ಕೆ ಹೋಗುವುದಿಲ್ಲ. ಬಯಲುಸೀಮೆಯಲ್ಲಿ ಬೆವರು ಇದೇ ಕೆಲಸ ಮಾಡುತ್ತದೆ, ಜೊತೆಗೆ ಸೆಲ್ ಕೂರುವ ಜಾಗದ ಲೋಹಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ದೊಡ್ಡವರಾದರೆ ಕರಕರ ಅನ್ನುತ್ತಿದೆ, ಮಧ್ಯೆ ಮಧ್ಯೆ ಕಟ್ ಆಗುತ್ತಿದೆ ಎಂದು ಹೇಳುತ್ತಾರೆ. ಮೂರು ವರ್ಷದ ಮಗು ಹೇಳುವುದಿಲ್ಲ, ಸುಮ್ಮನೆ ತಿರುಗಿ ನೋಡುವುದನ್ನು ಬಿಡುತ್ತದೆ. ಪ್ರಯಾಣದ ಸುಸ್ತು ಎಂದುಕೊಂಡು ಮನೆಯವರೂ ಸುಮ್ಮನಾಗುತ್ತಾರೆ.

ಡಬ್ಬಿ ಕೊಳ್ಳುವಾಗ ನೋಡಬೇಕಾದ್ದು ಮುಚ್ಚಳ. ತಿರುಗಿಸಿ ಮುಚ್ಚುವಂಥದ್ದು, ಒಳಗೆ ರಬ್ಬರ್ ವಾಷರ್ ಇರುವಂಥದ್ದು ಒಳ್ಳೆಯದು. ಒತ್ತಿ ಮುಚ್ಚುವ ತೆಳು ಡಬ್ಬಿಯೊಳಗೆ ಮಲೆನಾಡಿನ ಗಾಳಿ ನುಗ್ಗಿ ಜೆಲ್ ಬೇಗ ಸೋಲುತ್ತದೆ. ಜೆಲ್ ಬಣ್ಣ ಬದಲಿಸುವ ಜಾತಿಯದೇ ಇರಲಿ, ಬರೀ ಬಿಳಿ ಹರಳು ಒಣಗಿದೆಯೋ ತುಂಬಿದೆಯೋ ಗೊತ್ತೇ ಆಗುವುದಿಲ್ಲ. ನೀಲಿಯಿಂದ ಗುಲಾಬಿಗೆ ತಿರುಗುವ ಹರಳಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಅದು ಬೇಡ. ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನು ಕೇಳಿ ತನ್ನಿ. ಬಣ್ಣ ತಿರುಗಿದ ಹರಳನ್ನು ಓವನ್ನಿನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕಾವು ಅದಕ್ಕಿಂತ ಹೆಚ್ಚಾದರೆ ಬಣ್ಣವೇ ಸುಟ್ಟುಹೋಗಬಹುದು. ಹೋಂಸ್ಟೇಯಲ್ಲಿ ಓವನ್ ಹುಡುಕುವುದು ಬಿಟ್ಟು, ಸೀಲ್ ಒಡೆಯದ ಒಂದು ಪ್ಯಾಕೆಟ್ ಹೆಚ್ಚಿಗೆ ಇಟ್ಟುಕೊಳ್ಳಿ.

ಒದ್ದೆ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಅಭ್ಯಾಸ ಇದೆಯಲ್ಲ, ಅದನ್ನು ಇಲ್ಲಿ ತರಬೇಡಿ. ಅಕ್ಕಿಯ ಹುಡಿ ಮೈಕಿನ ತೂತು ಮುಚ್ಚುತ್ತದೆ. ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ.

ರಾತ್ರಿಯ ಕೆಲಸ ಹೀಗೆ. ಮಿಷನ್ನಿನ ಸೆಲ್ ಬಾಗಿಲು ತೆಗೆದು ಸೆಲ್ ಹೊರಗಿಡಿ. ಮಿಷನ್ನನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಒಂದು ಕೈಯಲ್ಲಿ ಹುಕ್ (ಮಿಷನ್ನಿನ ಮೇಲ್ತುದಿಯ ಕೊಕ್ಕೆ), ಇನ್ನೊಂದರಲ್ಲಿ ಟ್ಯೂಬಿನ ತುದಿ ಹಿಡಿದು ಮೌಲ್ಡ್ ಬಿಡಿಸಿ. ಮೌಲ್ಡನ್ನೇ ಹಿಡಿದು ಎಳೆದರೆ ಟ್ಯೂಬ್ ಅಂಟಿಸಿದ ಜಾಗದಲ್ಲೇ ಕಿತ್ತು ಬರುತ್ತದೆ. ಮೌಲ್ಡನ್ನು ಮಾತ್ರ ಉಗುರುಬೆಚ್ಚನೆಯ ಸೋಪಿನ ನೀರಲ್ಲಿ ತೊಳೆಯಬಹುದು, ಸ್ಪಿರಿಟ್ ಹಾಕಬೇಡಿ. ಟ್ಯೂಬಿನ ಕಡೆಯಿಂದ ಬ್ಲೋವರ್ ಒತ್ತಿ ಹನಿ ಹೋಗುವವರೆಗೂ ಊದಿ. ಬಾಯಲ್ಲಿ ಊದಿದರೆ ಉಸಿರಿನ ತೇವವೇ ಒಳಗೆ ಸೇರುತ್ತದೆ. ಮಿಷನ್ನು, ಮೌಲ್ಡು ಎರಡನ್ನೂ ಡಬ್ಬಿಗೆ ಹಾಕಿ, ಸೆಲ್ ಬಾಗಿಲು ತೆರೆದೇ ಇರಲಿ, ಬೆಳಗಿನವರೆಗೆ ಮುಚ್ಚಳ ತೆಗೆಯಬೇಡಿ. ಸೆಲ್ ಮಾತ್ರ ಡಬ್ಬಿಯ ಹೊರಗೇ ಇರಬೇಕು. ಜಿಂಕ್ ಏರ್ ಸೆಲ್ ಗಾಳಿ ಕುಡಿದು ಕೆಲಸ ಮಾಡುವಂಥದ್ದು, ಸಿಲಿಕಾ ಅದರೊಳಗಿನ ತೇವವನ್ನೂ ಹೀರಿ ಬೇಗ ಮುಗಿಸಿಬಿಡುತ್ತದೆ.

ಕರೆಂಟಿನ ಡ್ರೈಯರ್ ಪೆಟ್ಟಿಗೆಗೆ ಬೆಲೆ ಹಲವು ಪಟ್ಟು ಹೆಚ್ಚು. ಬೆಚ್ಚನೆಯ ಗಾಳಿ ಆಡಿಸಿ ಒಣಗಿಸುತ್ತದೆ, ಕೆಲವದರಲ್ಲಿ ಕ್ರಿಮಿ ಕೊಲ್ಲುವ ಯುವಿ ದೀಪವೂ ಇದೆ. ಕಿವಿ ಪದೇ ಪದೇ ಸೋರುವ ಮಗುವಿದ್ದರೆ ಮನೆಯಲ್ಲಿ ಇರಲಿ. ಪ್ರಯಾಣಕ್ಕೆ ಮಾತ್ರ ಹೊರೆ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟನ್ನು ನಂಬಿ ರಾತ್ರಿ ಕಳೆಯುವ ಹಾಗಿಲ್ಲ. ಚಾರ್ಜ್ ಆಗುವ ಮಿಷನ್ನಾದರೆ ಸಾಮಾನ್ಯವಾಗಿ ಬ್ಯಾಟರಿ ತೆಗೆಯಲು ಬರುವುದಿಲ್ಲ, ಅಂಥದ್ದನ್ನು ಬಿಸಿ ಪೆಟ್ಟಿಗೆಗೆ ಹಾಕಬಹುದೇ ಎಂದು ಅದರ ಕೈಪಿಡಿ ನೋಡಿಯೇ ಹಾಕಿ. ಚಾರ್ಜರ್ ಯುಎಸ್‌ಬಿಯದ್ದಾದರೆ ಪವರ್ ಬ್ಯಾಂಕ್ ಜೊತೆಗಿರಲಿ.

ಕಿಟ್‌ನಲ್ಲಿ ಸ್ಟೆಟೋಕ್ಲಿಪ್ ಇಲ್ಲದಿದ್ದರೆ ಬಿಡಿಯಾಗಿ ಕೊಳ್ಳಿ. ಡಾಕ್ಟರ ಸ್ಟೆತಸ್ಕೋಪಿನ ಹಾಗೆ ಕಿವಿಗಿಟ್ಟು ಮಿಷನ್ನಿನ ದನಿಯನ್ನು ದೊಡ್ಡವರು ಕೇಳಲು ಇರುವ ಸಾಧನ ಇದು. ಮಗುವಿನ ಮಿಷನ್ ಜೋರಿನದಾದರೆ ಮೊದಲು ವಾಲ್ಯೂಮ್ ತಗ್ಗಿಸಿ, ಇಲ್ಲವೇ ಸದ್ದು ತಗ್ಗಿಸುವ ಡ್ಯಾಂಪರ್ ಹಾಕಿ, ಕೇಳುವವರ ಕಿವಿಗೇ ಪೆಟ್ಟಾದೀತು. ಕೇಳುತ್ತಾ ‘ಆ, ಊ, ಈ, ಮ್, ಶ್, ಸ್’ ಅನ್ನಿ. ಆಮೇಲೆ ಮಿಷನ್ ಮಗುವಿಗೆ ಹಾಕಿ, ತುಟಿ ಕಾಣದಂತೆ ಹಿಂದೆ ನಿಂತು ಅದೇ ಆರು ಸದ್ದು ಹೇಳಿ. ದಿನವೂ ಓಗೊಡುತ್ತಿದ್ದ ಸದ್ದಿಗೆ ಇವತ್ತು ಓಗೊಡದಿದ್ದರೆ ಮೊದಲು ಟ್ಯೂಬ್, ಆಮೇಲೆ ಸೆಲ್ ನೋಡಿ. ಬಸ್ಸು ಹತ್ತುವ ಮೊದಲೇ ಇದು ಮುಗಿಯಲಿ, ಹತ್ತಿದ ಮೇಲೆ ಇಂಜಿನ್ ಸದ್ದಿನಲ್ಲಿ ಏನೂ ತಿಳಿಯದು.

ಸೆಲ್ ಟೆಸ್ಟರ್ ಬಗ್ಗೆ ಹೆಚ್ಚು ನಂಬಿಕೆ ಬೇಡ. ಜಿಂಕ್ ಏರ್ ಸೆಲ್ ಕೊನೆಯವರೆಗೂ ಒಂದೇ ವೋಲ್ಟೇಜ್ ಕೊಟ್ಟು ಥಟ್ಟನೆ ಬೀಳುತ್ತದೆ. ಟೆಸ್ಟರ್ ‘ಗುಡ್’ ತೋರಿಸಿದ್ದು ಮಧ್ಯಾಹ್ನಕ್ಕೆ ಸತ್ತಿರಬಹುದು. ಸೆಲ್‌ನ ಸ್ಟಿಕರ್ ಬಣ್ಣ ನೋಡಿ ಕೊಳ್ಳಿ, ಬಣ್ಣವೇ ಸೈಜು ಹೇಳುತ್ತದೆ: ಸೈಜ್ 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಸ್ಟಿಕರ್ ಕಿತ್ತ ಮೇಲೆ ಮೂರರಿಂದ ಐದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಕಿತ್ತದ್ದನ್ನು ಮತ್ತೆ ಅಂಟಿಸಿ ಉಳಿಸಲು ಆಗುವುದಿಲ್ಲ. ಹಳ್ಳಿಯ ಮೆಡಿಕಲ್ ಶಾಪಿನಲ್ಲಿ 675 ಸಿಗುತ್ತದೆ ಎಂದು ಹೊರಡಬೇಡಿ, ಲೆಕ್ಕಕ್ಕಿಂತ ಸೆಲ್‌ನ ಒಂದು ಕಾರ್ಡು (ಪ್ಯಾಕ್) ಹೆಚ್ಚಿಗೆ ಒಯ್ಯಿರಿ. ಚಿಕ್ಕ ಮಗುವಿನ ಮಿಷನ್ನಿಗೆ ಲಾಕ್ ಇರುವ ಸೆಲ್ ಬಾಗಿಲು ಹಾಕಿಸಿ. ಮಗು ಸೆಲ್ ನುಂಗಿತೆಂದರೆ ಕಾಯದೆ ನೇರ ಆಸ್ಪತ್ರೆಗೆ ಓಡಿ.

ಕಿಟ್‌ನಲ್ಲಿ ಇಲ್ಲದಿದ್ದರೂ ಕೊಳ್ಳಬೇಕಾದದ್ದು ದಾರದ ಕ್ಲಿಪ್. ಎರಡೂ ಮಿಷನ್ನಿಗೆ ಕುಣಿಕೆ, ಅಂಗಿಯ ಬೆನ್ನಿನ ಕಾಲರಿಗೆ ಕ್ಲಿಪ್. ಜೋಗದ ಕಟ್ಟೆಯ ಮೇಲೆ ಮಗು ಬಗ್ಗಿದರೆ ಮಿಷನ್ ಜಾರಿದರೂ ಕೆಳಗೆ ಹೋಗುವುದಿಲ್ಲ. ಬೆವರಿಗೆ ಹಾಕುವ ಬಟ್ಟೆಯ ಕವರು ಸಹ ಒಳ್ಳೆಯದೇ, ಆದರೆ ಎರಡು ಜೊತೆ ಬೇಕು. ಒದ್ದೆ ಕವರು ಮೈಕಿನ ಮೇಲೆ ಕೂತರೆ ದನಿ ಮಂಕಾಗುತ್ತದೆ.

ಸಮುದ್ರಕ್ಕೆ ಇಳಿಯುವ ಮುನ್ನ ಮಿಷನ್ ತೆಗೆದು ಡಬ್ಬಿಗೆ ಹಾಕಿ. ಆಗ ಮಗುವಿಗೆ ನಿಮ್ಮ ಕೂಗು ಕೇಳುವುದಿಲ್ಲ. ಹಾಗಾಗಿ ಒಬ್ಬರು ಕೈಯಳತೆಯಲ್ಲೇ ಇರಬೇಕು, ನಿಲ್ಲು, ಬಾ, ಸಾಕು ಇವುಗಳಿಗೆ ಸನ್ನೆಯನ್ನು ಮನೆಯಲ್ಲೇ ಕಲಿಸಿರಬೇಕು. ಉಪ್ಪುನೀರಿಗೆ ಬಿದ್ದ ಮಿಷನ್ನನ್ನು ಡಬ್ಬಿ ಉಳಿಸುವುದಿಲ್ಲ. ಸೆಲ್ ತೆಗೆದು ಒರೆಸಿ, ಆನ್ ಮಾಡಿ ನೋಡುವ ಆತುರ ಬಿಟ್ಟು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಒಯ್ಯಿರಿ.

ಮಿಷನ್ ಸಿಳ್ಳೆ ಹಾಕುತ್ತಿದ್ದರೆ ಈ ಕಿಟ್‌ನಿಂದ ಸಾಮಾನ್ಯವಾಗಿ ಪರಿಹಾರವಿಲ್ಲ. ಹೆಚ್ಚಿನ ಸಲ ಮಗುವಿನ ಕಿವಿ ಬೆಳೆದು ಮೌಲ್ಡ್ ಸಡಿಲವಾಗಿರುತ್ತದೆ. ಕೂಸುಗಳಿಗೆ ಕೆಲವೇ ತಿಂಗಳಿಗೊಮ್ಮೆ ಹೊಸ ಮೌಲ್ಡ್ ಬೇಕಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೋ, ಊರಿಗೆ ಹತ್ತಿರದ ಆಡಿಯಾಲಜಿ ಕ್ಲಿನಿಕ್ಕಿನಲ್ಲೋ ಅಚ್ಚು ಕೊಟ್ಟು ಮೌಲ್ಡ್ ಕೈಗೆ ಬಂದ ಮೇಲೆಯೇ ಟಿಕೆಟ್ ಬುಕ್ ಮಾಡಿ.