ರೆಝೂಮ್, ಯುರೋಲಿಫ್ಟ್: ಪ್ರಾಸ್ಟೇಟ್ ದೊಡ್ಡದಾದವರಿಗೆ ಯಾವುದು ಸರಿ?

ಪ್ರಾಸ್ಟೇಟ್ ದೊಡ್ಡದಾಗಿ, ಮೂತ್ರ ಸಲೀಸಾಗಿಸುವ ಟ್ಯಾಮ್ಸುಲೋಸಿನ್ ಮಾತ್ರೆ ನುಂಗಿದರೂ ರಾತ್ರಿ ನಾಲ್ಕು ಸಲ ಏಳುವುದು ತಪ್ಪದಿದ್ದಾಗ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಟಿಯುಆರ್‌ಪಿ (ಗ್ರಂಥಿಯನ್ನು ಮೂತ್ರನಾಳದ ಮೂಲಕ ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ) ಜೊತೆಗೆ ಈಗ ರೆಝೂಮ್, ಯುರೋಲಿಫ್ಟ್ ಎಂಬ ಎರಡು ಹೆಸರೂ ಕೇಳಿಬರುತ್ತವೆ. ಎರಡರಲ್ಲೂ ಉಪಕರಣ ಮೂತ್ರನಾಳದ ಮೂಲಕವೇ ಒಳಹೋಗುತ್ತದೆ, ಗ್ರಂಥಿಯನ್ನು ಕೆರೆದು ತೆಗೆಯುವುದಿಲ್ಲ. ಮೊದಲೇ ತೀರ್ಪು ಹೇಳಿಬಿಡುತ್ತೇವೆ: ಗ್ರಂಥಿ 30ರಿಂದ 80 ಗ್ರಾಂ ಒಳಗಿದ್ದು, ಕೆಲವು ವಾರದ ಕಿರಿಕಿರಿ ತಡೆದುಕೊಳ್ಳುವವರಿಗೆ ರೆಝೂಮ್ ಮೇಲು. ಯುರೋಲಿಫ್ಟ್ ಬೇಗ ಆರಾಮ ಕೊಡುತ್ತದೆ, ಆದರೆ ಎಲ್ಲ ಆಕಾರದ ಗ್ರಂಥಿಗೂ ಒಗ್ಗುವುದಿಲ್ಲ.

ರೆಝೂಮ್‌ಗೆ ಅಮೆರಿಕದ ವೈದ್ಯಕೀಯ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2015ರಲ್ಲಿ. ಈಗ ಅದು ಬೋಸ್ಟನ್ ಸೈಂಟಿಫಿಕ್ ಕಂಪನಿಯದು. ಕೆಲಸ ಮಾಡುವುದು ಹಬೆ. ಉಪಕರಣದ ತುದಿಯಿಂದ ಸುಮಾರು 10 ಮಿ.ಮೀ. ಸೂಜಿ ಗ್ರಂಥಿಯೊಳಗೆ ಚಾಚುತ್ತದೆ, ಅದರ 12 ಸಣ್ಣ ತೂತುಗಳಿಂದ 103 ಡಿಗ್ರಿಯ ಹಬೆ 9 ಸೆಕೆಂಡು ಹೊಮ್ಮುತ್ತದೆ. ಜೀವಕೋಶಗಳ ಸಂದಿಯಲ್ಲಿ ಹರಡಿದ ಹಬೆ ನೀರಾಗುವಾಗ ಬಿಟ್ಟುಕೊಡುವ ಶಾಖವೇ ಅವನ್ನು ಸಾಯಿಸುವುದು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರಿಗೆ ಅದರ ತಾಕತ್ತು ಗೊತ್ತು. ಮೊದಲ ಚುಚ್ಚು ಮೂತ್ರಕೋಶದ ಕುತ್ತಿಗೆಯಿಂದ 1 ಸೆಂ.ಮೀ. ಕೆಳಗೆ, ಮುಂದಿನದು ಅಲ್ಲಿಂದ ಮತ್ತೆ 1 ಸೆಂ.ಮೀ. ಕೆಳಗೆ, ಹೀಗೆ ಎರಡೂ ಬದಿಗೆ. ನಾಳವನ್ನು ತಣ್ಣಗಿಡಲು ಸಲೈನ್ ಹರಿಯುತ್ತಲೇ ಇರುತ್ತದೆ. ಹಬೆ ಕೊಡುವ ಕೆಲಸ ಕೆಲವೇ ನಿಮಿಷದ್ದು. ಮೂತ್ರಕೋಶದೊಳಕ್ಕೆ ಉಬ್ಬಿದ ನಡುವಿನ ಹಾಲೆಗೂ, ಅಂದರೆ ಮೀಡಿಯನ್ ಲೋಬ್‌ಗೂ ಕೊಡಬಹುದು, ಇದು ರೆಝೂಮ್‌ನ ದೊಡ್ಡ ಅನುಕೂಲ.

ಆದರೆ ಮಾರನೆಯ ದಿನವೇ ಧಾರೆ ಚೆನ್ನಾಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸತ್ತ ಅಂಗಾಂಶ ಮೊದಲು ಊದಿಕೊಳ್ಳುತ್ತದೆ, ಆಮೇಲಷ್ಟೇ ದೇಹ ಅದನ್ನು ಹೀರಿಕೊಳ್ಳುವುದು. ಅದಕ್ಕೇ ಸಾಮಾನ್ಯವಾಗಿ 3ರಿಂದ 7 ದಿನ ಕ್ಯಾತಿಟರ್ (ಮೂತ್ರ ಹೊರಹರಿಸುವ ನಳಿಕೆ) ಇರುತ್ತದೆ. ಗ್ರಂಥಿ ದೊಡ್ಡದಿದ್ದರೆ ಇನ್ನೂ ಹೆಚ್ಚು. ಅವಸರಕ್ಕೆ ಬೇಗ ತೆಗೆಸಿದರೆ ಮೂತ್ರ ಕಟ್ಟಿಕೊಂಡು ರಾತ್ರೋರಾತ್ರಿ ಮತ್ತೆ ಹಾಕಿಸಬೇಕಾದೀತು. ಮೊದಲ ಕೆಲವು ವಾರ ಉರಿ, ಅವಸರದ ಮೂತ್ರ, ನಡುನಡುವೆ ರಕ್ತ, ಅಂಗಾಂಶದ ಚೂರು ಕಾಣುವುದು ಮಾಮೂಲು. ಜ್ವರ ಬಂದರೆ, ರಕ್ತದ ಗಡ್ಡೆ ಬಿದ್ದರೆ, ಮೂತ್ರ ಪೂರ್ತಿ ನಿಂತರೆ ಮಾತ್ರ ಅದು ಮಾಮೂಲಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪೂರ್ತಿ ಫಲ ಕಾಣಲು ಮೂರು ತಿಂಗಳು ಬೇಕು. ಇನ್ನೊಂದು ಮಾತು: ಹೆಚ್ಚು ಚುಚ್ಚಿದರೆ ಹೆಚ್ಚು ಲಾಭವೆಂದೇನಿಲ್ಲ, ಸತ್ತ ಭಾಗ ಹೆಚ್ಚಾಗಿ ಉರಿ ಮಾತ್ರ ಹೆಚ್ಚುತ್ತದೆ.

ಯುರೋಲಿಫ್ಟ್‌ನಲ್ಲಿ ಏನನ್ನೂ ಸುಡುವುದಿಲ್ಲ. ಹೊರತುದಿಯಲ್ಲಿ ನಿಟಿನಾಲ್ (ನಿಕ್ಕಲ್ ಬೆರೆತ ಲೋಹ) ಕೊಂಡಿ, ನಾಳದ ಬದಿಗೆ ಸ್ಟೇನ್‌ಲೆಸ್ ಸ್ಟೀಲ್ ತುಣುಕು, ನಡುವೆ ಪಾಲಿಯೆಸ್ಟರ್ ದಾರ, ಇಷ್ಟೇ ಒಂದು ಇಂಪ್ಲಾಂಟ್. ಬದಿಯ ಹಾಲೆಗಳನ್ನು ಹಿಂದಕ್ಕೆ ಒತ್ತಿ ಹಿಡಿದು ದಾರಿ ಬಿಡಿಸುತ್ತದೆ. ಒಬ್ಬರಿಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಬೇಕು. ಎಷ್ಟೋ ಜನರಿಗೆ ಕ್ಯಾತಿಟರ್ ಬೇಕಾಗುವುದಿಲ್ಲ, ಬೇಕಾದರೂ ಒಂದೆರಡು ದಿನ; ಎರಡು ವಾರದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಕೊಂಡಿಯನ್ನು ಮೂತ್ರಕೋಶದ ಕುತ್ತಿಗೆಗೆ ತೀರಾ ಹತ್ತಿರ ಹಾಕಿದರೆ ಸ್ಟೀಲ್ ತುದಿ ಮೂತ್ರದಲ್ಲಿ ಮುಳುಗಿಕೊಂಡೇ ಇರುತ್ತದೆ, ಅದರ ಮೇಲೆ ಕಲ್ಲು ಕಟ್ಟುತ್ತದೆ. ಸುಮಾರು 1.5 ಸೆಂ.ಮೀ. ಅಂತರ ಬಿಡುವುದು ಇದಕ್ಕೇ. ನಿಕ್ಕಲ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಮೀಡಿಯನ್ ಲೋಬ್ ದೊಡ್ಡದಿದ್ದರೆ ಯುರೋಲಿಫ್ಟ್‌ಗೆ ನಮ್ಮ ಮತವಿಲ್ಲ. ಅದಕ್ಕೂ ಒಪ್ಪಿಗೆ ಆಮೇಲೆ ಸಿಕ್ಕಿದೆ ನಿಜ. ಆದರೆ ಅದನ್ನು ಎಳೆದು ಕಟ್ಟುವುದು ಪಳಗಿದ ಕೈಯ ಕೆಲಸ.

ಬಾಳಿಕೆಯ ಲೆಕ್ಕ ಹೀಗಿದೆ. ಮುಖ್ಯ ಪ್ರಯೋಗಗಳಲ್ಲಿ ಐದು ವರ್ಷದೊಳಗೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ರೆಝೂಮ್‌ನಲ್ಲಿ ಶೇ. 4.4, ಯುರೋಲಿಫ್ಟ್‌ನಲ್ಲಿ ಶೇ. 13.6. ತೊಂದರೆ ಎಷ್ಟೆಂದು ಅಳೆಯುವ ಲಕ್ಷಣಗಳ ಅಂಕ ಇಳಿದದ್ದು ಕ್ರಮವಾಗಿ ಶೇ. 48 ಮತ್ತು ಶೇ. 36ರಷ್ಟು. ಇವು ಬೇರೆ ಬೇರೆ ಪ್ರಯೋಗಗಳು, ಎರಡನ್ನೂ ನಡೆಸಿದ್ದು ಆಯಾ ಕಂಪನಿಗಳೇ. ಹಾಗಾಗಿ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಹಾಗಿಲ್ಲ. ವೀರ್ಯಸ್ಖಲನದ ವಿಷಯದಲ್ಲಿ ಮಾತ್ರ ಎರಡೂ ಟಿಯುಆರ್‌ಪಿಗಿಂತ ಬಹಳ ಮುಂದೆ. ಅಲ್ಲಿ ಬಹುತೇಕರಿಗೆ ವೀರ್ಯ ಹಿಂದಕ್ಕೆ ಹೋಗುತ್ತದೆ, ಇಲ್ಲಿ ಅದು ಅಪರೂಪ. ಧಾರೆಯ ವೇಗದಲ್ಲಿ ಗೆಲ್ಲುವುದು ಟಿಯುಆರ್‌ಪಿಯೇ. ಗ್ರಂಥಿ 100 ಗ್ರಾಂ ದಾಟಿದ್ದರೆ ಈ ಎರಡನ್ನೂ ಬಿಟ್ಟು ಹೋಲ್ಮಿಯಂ ಲೇಸರ್ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಿ.

ಬಿಲ್ಲಿನ ವಿಷಯ. ರೆಝೂಮ್‌ನ ಕೈ ಉಪಕರಣ ಒಬ್ಬರಿಗೆ ಒಂದೇ ಸಲ ಬಳಸುವಂಥದ್ದು. ಯುರೋಲಿಫ್ಟ್‌ನಲ್ಲಿ ಇಂಪ್ಲಾಂಟ್ ಹೆಚ್ಚಿದಷ್ಟೂ ಖರ್ಚು ಏರಬಹುದು. ಅಂದಾಜು ಪಟ್ಟಿಯಲ್ಲಿ ಎಷ್ಟು ಇಂಪ್ಲಾಂಟ್ ಹಿಡಿದಿದ್ದಾರೆ ಎಂದು ಕೇಳಿ. ವಿಮೆ ಇದ್ದರೆ ಮೊದಲೇ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ವಿಮಾ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಹೊರಡಿಸಿದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಪ್ರಾಸ್ಟೇಟ್‌ಗೆ ಗ್ರೀನ್ ಲೇಸರ್, ಹೋಲ್ಮಿಯಂ ಲೇಸರ್ ಹೆಸರಿವೆ, ಹಬೆಯ ಹೆಸರಿಲ್ಲ. ತಕರಾರು ಹುಟ್ಟುವುದು ಇಲ್ಲೇ.

ಹಣ ಕಟ್ಟುವ ಮುನ್ನ ಮೂರು ಪರೀಕ್ಷೆ ಆಗಿರಲಿ: ಕನಿಷ್ಠ 150 ಮಿ.ಲೀ. ಮೂತ್ರ ಹೋದ ಯೂರೋಫ್ಲೋ (ಧಾರೆಯ ವೇಗ ಅಳೆಯುವ ಪರೀಕ್ಷೆ), ಮೂತ್ರ ಹೋದ ಮೇಲೆ ಒಳಗೆಷ್ಟು ಉಳಿದಿದೆ ಎಂಬ ಸ್ಕ್ಯಾನ್, ಮೀಡಿಯನ್ ಲೋಬ್ ನೋಡಲು ಸಿಸ್ಟೋಸ್ಕೋಪಿ (ನಾಳದ ಮೂಲಕ ದುರ್ಬೀನು ಹಾಕಿ ನೋಡುವುದು). ಬಹಳ ವರ್ಷದ ಸಕ್ಕರೆ ಕಾಯಿಲೆಯಿದ್ದರೆ ತೊಂದರೆ ಗ್ರಂಥಿಯದ್ದೋ ಸೋತ ಮೂತ್ರಕೋಶದ್ದೋ ಎಂದು ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಾಮಿಕ್ಸ್‌ನಿಂದ ತಿಳಿಯಬೇಕು. ಮೂತ್ರಕೋಶವೇ ಸೋತಿದ್ದರೆ ದಾರಿ ಬಿಡಿಸಿ ಸಿಗುವ ಲಾಭ ಕಡಿಮೆ. ಪಿಎಸ್ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಕೊಡುವ ರಕ್ತ ಪರೀಕ್ಷೆ) ಅನುಮಾನವನ್ನೂ ಮೊದಲೇ ಬಗೆಹರಿಸಿಕೊಳ್ಳಿ. ಟಿಯುಆರ್‌ಪಿಯಲ್ಲಿ ಕೆರೆದ ಚೂರು ಲ್ಯಾಬ್‌ಗೆ ಹೋಗುತ್ತದೆ, ಇಲ್ಲಿ ಕಳಿಸಲು ಚೂರೇ ಸಿಗುವುದಿಲ್ಲ. ಗ್ರಂಥಿಯನ್ನು ಕುಗ್ಗಿಸುವ ಡ್ಯುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಗಿಂತ ಹೆಚ್ಚು ತೆಗೆದುಕೊಂಡಿದ್ದರೆ ವರದಿಯ ಪಿಎಸ್ಎ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕು.